ಕುರ್ಲಾ ಲಾಡ್ಜಿನ ಹದಿನೆಂಟು ಬೆಳಗು

ಆ ಮೂರು ವಾರಗಳು ನನ್ನ ದಿನಚರಿಯಲ್ಲಿ ಮೂವತ್ತೊಂದು ಪುಟ ಹಿಡಿದಿವೆ. ಬೇರೆ ಯಾವ ಮೂರು ವಾರಕ್ಕೂ ನಾನು ಇಷ್ಟು ಪುಟ ಬರೆದಿಲ್ಲ. ಪ್ರತಿ ಪುಟದ ಮೇಲ್ತುದಿಯಲ್ಲಿ ವಾರ, ಎದ್ದ ಸಮಯ, ಲೋಕಲ್ ಹಿಡಿದ ಸಮಯ, ಕೆಲಸದ ಗೇಟು ದಾಟಿದ ಸಮಯ ಇವೆ. ಹತ್ತನೇ ತರಗತಿಯಿಂದ ಇದು ನನ್ನ ಅಭ್ಯಾಸ. ಎಣಿಸಬಹುದಾದದ್ದನ್ನೆಲ್ಲ ಎಣಿಸಿಡುತ್ತೇನೆ. ಆದರೆ ಬೆಳಗ್ಗೆ ನಾನು ಹೇಗೆ ಏಳುತ್ತೇನೆ ಎಂಬುದು ಮಾತ್ರ ನನ್ನ ಯಾವ ದಿನಚರಿಯಲ್ಲೂ ಇರಲಿಲ್ಲ. ಅದು ನನಗೆ ಗೊತ್ತಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ.

ಧಾರವಾಡದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಆರು ತಿಂಗಳಾದ ಮೇಲೆ ಬೊರಿವಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಿಂದ ಕರೆ ಬಂತು. ಮೊದಲ ಮೂರು ವಾರ ಪರೀಕ್ಷೆಯ ಅವಧಿ. ಸೋಮವಾರದಿಂದ ಶನಿವಾರದವರೆಗೆ, ಒಟ್ಟು ಹದಿನೆಂಟು ಕೆಲಸದ ದಿನ. ಬೆಳಗ್ಗೆ ಏಳೂ ಕಾಲಿಗೆ ಗೇಟಿನೊಳಗೆ ಇರಬೇಕು. ಮೂರು ಲೇಟ್ ಮಾರ್ಕ್ ಬಿದ್ದರೆ ಅಲ್ಲಿಗೇ ಮುಗಿಯಿತು, ಊರಿಗೆ ವಾಪಸು. ನಮ್ಮನ್ನು ತರಬೇತುಗೊಳಿಸುತ್ತಿದ್ದ ಮೇಡಂ ಮೊದಲ ದಿನವೇ ಕಾರಣ ಹೇಳಿದರು. ರಕ್ತ ಕೊಡಲು ಬರುವವರು ಹಿಂದಿನ ರಾತ್ರಿಯಿಂದ ಉಪವಾಸ ಇರುತ್ತಾರೆ, ಅವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು. ನಾವು ಹತ್ತು ನಿಮಿಷ ತಡವಾದರೆ ಅವರ ಹಸಿವು ಹತ್ತು ನಿಮಿಷ ಉದ್ದವಾಗುತ್ತದೆ. ನನಗೆ ಆ ಮಾತು ನ್ಯಾಯವೆನಿಸಿತು. ಈಗಲೂ ಅನಿಸುತ್ತದೆ.

ಕೆಲಸ ಬೊರಿವಲಿಯಲ್ಲಿ, ನಾನು ಇಳಿದದ್ದು ಕುರ್ಲಾದಲ್ಲಿ. ಇಂಥ ತಪ್ಪು ನಮ್ಮ ಓಣಿಯವರಷ್ಟೇ ಮಾಡಬಲ್ಲರು. ನಮ್ಮಲ್ಲಿ ಯಾರೇ ಮುಂಬೈಗೆ ಹೋದರೂ, ಸಾಮಾನು ತರಲು ಹೋಗಲಿ, ಮದುವೆಗೆ ಹೋಗಲಿ, ಕುರ್ಲಾ ಮಾರ್ಕೆಟ್ಟಿನ ಮೇಲಿನ ಆ ಒಂದೇ ಲಾಡ್ಜಿನಲ್ಲಿ ಇಳಿಯುತ್ತಾರೆ. ಅಪ್ಪನಿಗೆ ಮುಂಬೈ ಎಂದರೆ ಆ ಲಾಡ್ಜು, ಅದರ ಕೆಳಗಿನ ಸಂತೆ, ಅಲ್ಲಿಂದ ನಡೆದುಹೋಗುವಷ್ಟು ದೂರದ ಸ್ಟೇಷನ್. ಬೊರಿವಲಿ ಅಲ್ಲಿಂದ ಎಷ್ಟು ದೂರ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲವನ್ನೂ ಬರೆದಿಡುವ ನಾನೂ ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಬ್ಯಾಗು ಇಳಿಸಿ ಫೋನಿನಲ್ಲಿ ನಕ್ಷೆ ತೆಗೆದಾಗ ಗೊತ್ತಾಯಿತು: ದಾದರ್‌ವರೆಗೆ ಒಂದು ಲೋಕಲ್, ಸೇತುವೆ ದಾಟಿ ವೆಸ್ಟರ್ನ್ ಲೈನಿನ ಇನ್ನೊಂದು ಲೋಕಲ್, ಕೊನೆಗೆ ಹನ್ನೆರಡು ನಿಮಿಷ ನಡಿಗೆ. ಐದೂ ಐವತ್ತರ ಗಾಡಿ ಹಿಡಿದರೆ ಸರಿ. ಅದಕ್ಕೆ ಐದೂ ಹತ್ತಕ್ಕೆ ಏಳಬೇಕು.

ಲಾಡ್ಜು ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿತ್ತು. ಒಂದು ಉದ್ದ ಓಣಿ, ಎರಡೂ ಕಡೆ ಆರಾರು ಖೋಲಿ, ಎರಡು ತುದಿಗೆ ಎರಡು ಬಚ್ಚಲು. ನನ್ನದು ಹನ್ನೊಂದನೆಯದು. ಕಿಟಕಿ ತೆರೆದರೆ ಕೆಳಗೆ ಪ್ಲಾಸ್ಟಿಕ್ ಹೊದಿಕೆಗಳ ನೀಲಿ ಚಾವಣಿ, ಅದರಡಿಯಿಂದ ಕೊತ್ತಂಬರಿಯ ವಾಸನೆ, ಒಣಮೀನಿನ ವಾಸನೆ, ಕೂಗಾಟ. ಮಳೆಗಾಲ ಆಗಷ್ಟೇ ಹಿಡಿದಿತ್ತು. ಗೋಡೆಗೆ ಬೆನ್ನು ಕೊಟ್ಟರೆ ಅಂಗಿ ತೇವವಾಗುತ್ತಿತ್ತು. ಆದರೆ ಹಾಸಿಗೆಯ ಚಾದರ ಮಾತ್ರ ಒಣಗಿ ಗರಿಗರಿಯಾಗಿತ್ತು, ನೆಲ ಕನ್ನಡಿಯ ಹಾಗಿತ್ತು. ಅಂಥ ಜಾಗದಲ್ಲಿ ಇದು ಹೇಗೆ ಸಾಧ್ಯ ಎಂದು ಮೊದಲ ದಿನವೇ ಬರೆದಿದ್ದೇನೆ.

ಸೋಮವಾರ ಹುರುಪಿನಲ್ಲಿ ಎದ್ದೆ. ಮಂಗಳವಾರ ಮೂರು ಅಲಾರಂ ಇಟ್ಟರೂ ಏಳಲಿಲ್ಲ, ಗೇಟು ದಾಟಿದ್ದು ಏಳೂ ಮೂವತ್ತೆಂಟಕ್ಕೆ. ಲೇಟ್ ಮಾರ್ಕ್ ಒಂದು. ಬುಧವಾರ ಕೆಳಗಿನ ಓಣಿಯಲ್ಲಿ ಟೆಂಪೋ ಡ್ರೈವರಿಬ್ಬರು ಜಗಳವಾಡಿದ್ದರಿಂದ ಎಚ್ಚರವಾಯಿತು. ಗುರುವಾರ ಅವರು ಜಗಳವಾಡಲಿಲ್ಲ. ಲೇಟ್ ಮಾರ್ಕ್ ಎರಡು. ನಾಲ್ಕು ದಿನಕ್ಕೆ ಒಟ್ಟು ಹದಿಮೂರು ಅಲಾರಂ ಇಟ್ಟಿದ್ದೆ. ಸೋಮವಾರದ ಒಂದನ್ನು ಬಿಟ್ಟು ಉಳಿದ ಹನ್ನೆರಡನ್ನೂ ನನ್ನದೇ ಕೈ ನಿದ್ದೆಯಲ್ಲೇ ಆರಿಸಿತ್ತು. ಇನ್ನು ಹದಿನಾಲ್ಕು ಬೆಳಗು ಉಳಿದಿದ್ದವು, ತಪ್ಪಲು ಒಂದೂ ಉಳಿದಿರಲಿಲ್ಲ.

ಲ್ಯಾಬಿನಲ್ಲಿ ನನ್ನ ಜೊತೆಗೇ ಸೇರಿದ್ದವನೊಬ್ಬ ಇದ್ದ. ಮೈಸೂರಿನ ಮನೆತನ, ಆದರೆ ಹುಟ್ಟಿ ಬೆಳೆದದ್ದು ಆಂಟಾಪ್ ಹಿಲ್‌ನಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವಾಗ ಅರ್ಧ ಹಿಂದಿಗೆ ಜಾರುತ್ತಿದ್ದ. ಕೆಲಸ ಖಾಯಂ ಆದರೆ ಬೊರಿವಲಿಯಲ್ಲಿ ಇಬ್ಬರೂ ಸೇರಿ ಖೋಲಿ ಮಾಡೋಣ ಎಂದಿದ್ದ. "ಅಲ್ಲಿತನಕ ಟಿಕ್ತೀಯಾ ನೀನು?" ಎಂದ ಗುರುವಾರ ಮಧ್ಯಾಹ್ನ, ನನ್ನ ಡಬ್ಬಿಯಿಂದ ಚಟ್ನಿಪುಡಿ ತೆಗೆದುಕೊಳ್ಳುತ್ತ.

ಆ ಸಂಜೆ ಲಾಡ್ಜಿನ ಮ್ಯಾನೇಜರ ಬಳಿ ಹೋದೆ. ಕಾರ್ಕಳದ ಕಡೆಯವರು, ಅರವತ್ತು ದಾಟಿದವರು, ಎಲ್ಲರೂ ಮಾಮ ಎನ್ನುತ್ತಿದ್ದರು. ಬೆಳಗ್ಗೆ ಎಬ್ಬಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿದೆ.

"ಉಂಟಲ್ಲ ಮಾರಾಯ್ರೆ. ನೀವು ಮೊದಲೇ ಹೇಳ್ಬೇಕಿತ್ತು. ಅಲ್ಲಿ ಉಂಟು ನೋಡಿ ವ್ಯವಸ್ಥೆ, ನೆಲ ಒರಸ್ತಾ ಉಂಟು."

ಓಣಿಯ ಆ ತುದಿಯಲ್ಲಿ ಅಕ್ಕ ನೆಲ ಒರೆಸುತ್ತಿದ್ದರು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಐವತ್ತೈದರ ಆಸುಪಾಸು. ಇಪ್ಪತ್ತು ವರ್ಷಕ್ಕೂ ಮೇಲಿಂದ ಆ ಹನ್ನೆರಡು ಖೋಲಿಯ ಚಾದರ, ನೀರು, ನೆಲ ಅವರ ಕೈಯಲ್ಲಿ. ವಯಸ್ಸಿನಲ್ಲಿ ಹಿರಿಯರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರು ಬೆಳಗಿನ ಹೊತ್ತು ಖೋಲಿಗಳ ಮುಂದೆ ಓಡಾಡುವುದನ್ನು ನಾನು ಒಮ್ಮೆ ನೋಡಿದ್ದೆ. ಫೋನಿಲ್ಲದ ಒಬ್ಬಿಬ್ಬರನ್ನು ಎಬ್ಬಿಸಲು ಎಂದುಕೊಂಡಿದ್ದೆ.

ಅಕ್ಕ ನನ್ನ ಕಥೆ ಪೂರ್ತಿ ಕೇಳಿ ಒರೆಸುವ ಬಟ್ಟೆ ಹಿಂಡಿದರು.

"ಐದೂ ಹತ್ತಕ್ಕ. ಹೌದಿಲ್ಲೋ? ಅದಿರಲಿ, ಮನ್ಯಾಗ ನಿನ್ನ ಯಾರು ಎಬ್ಬಸ್ತಾರ? ಹೆಂಗ ಎಬ್ಬಸ್ತಾರ?"

"ಯಾರೂ ಇಲ್ರಿ ಅಕ್ಕಾ. ನಾನ ಏಳ್ತೀನಿ."

"ನೀನ ಏಳ್ತಿದ್ದರ ಇಲ್ಲಿ ಯಾಕ ಏಳವಲ್ಲಿ? ಇಲ್ಲಿ ಹಾಸಿಗಿಗೆ ಗೋಂದ ಹಚ್ಚೀನೇನ ನಾನು? ಅವ್ವಗ ಫೋನ್ ಹಚ್ಚಿ ಕೇಳು ಹೋಗು. ಮಲ್ಕೊಂಡಾಂವಗ ತಾ ಹೆಂಗ ಎದ್ದೆ ಅನ್ನೋದು ಗೊತ್ತಿರಂಗಿಲ್ಲ."

ನನ್ನ ಹಳೆಯ ದಿನಚರಿಗಳಲ್ಲಿ "ಆರಕ್ಕೆ ತಾನಾಗಿ ಎಚ್ಚರ" ಎಂದು ಎಷ್ಟು ಬಾರಿ ಬರೆದಿರುವೆನೋ. ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದೆ.

"ನಾ ನಿನ್ನ ಎಬ್ಬಸೋದು ಬಿಟ್ಟು ಹತ್ತು ವರ್ಷ ಆತು," ಎಂದಳು ಅವ್ವ. "ಕರದ್ರ ಏಳಾಂವಲ್ಲ, ಅಳ್ಳಾಡಿಸಿದ್ರ ಏಳಾಂವಲ್ಲ."

"ಮತ್ತ ದಿನಾ ಹೆಂಗ ಏಳ್ತಿದ್ದೆ?"

"ಹಿತ್ತಲ ಬಾಗಲಾ ತಗದು ಬಾಜೂ ಮನಿ ವೈನಿ ಮುಂದ ನಿನ್ನ ಸುದ್ದಿ ಹೇಳ್ತೀನಿ. ಅಷ್ಟಕ್ಕ ನಿನ್ನ ಕಿವಿ ನೆಟ್ಟಗಾಗ್ತಾವ. ತಡಾ ಮಾಡಿದ್ರ ಜರಾ ಜೋರಾಗಿ ಹೇಳ್ತೀನಿ."

"ದಿನಾ ಏನ ಹೇಳ್ತಿ?"

"ಹೇಳಾಕ ಕಡಿಮಿ ಐತೇನ?"

ಇದನ್ನು ಅಕ್ಕನಿಗೆ ಹೇಳಲು ನಾಚಿಕೆಯಾಯಿತು. ಹೇಳಿದೆ. ಅವರು ನಗಲಿಲ್ಲ. ಔಷಧದ ಚೀಟಿ ಓದಿದವರ ಹಾಗೆ ತಲೆ ಆಡಿಸಿ, ಮನೆಯಿಂದ ಏನೇನು ತಂದಿದ್ದೇನೆ, ಹೊರಗೆ ಏನು ತಿನ್ನುತ್ತೇನೆ ಎಂದು ನಾಲ್ಕು ಪ್ರಶ್ನೆ ಕೇಳಿ ಕೆಲಸಕ್ಕೆ ಮರಳಿದರು.

ಶುಕ್ರವಾರ ಬೆಳಗ್ಗೆ ನಿದ್ದೆಯ ಆಳದಲ್ಲಿ ಎಲ್ಲಿಂದಲೋ ಮಾತು ಕೇಳಿಸತೊಡಗಿತು.

"ಪಾಪ ಇವರವ್ವ ಏಳು ಡಬ್ಬಿ ಕಟ್ಟಿ ಕಳಿಸ್ಯಾಳಂತ್ರಿ. ಶೇಂಗಾ ಹೋಳಿಗಿ, ಕರದಂಟು. ಇಂವ ಎರಡ ಡಬ್ಬಿ ತಗದಾನ, ಉಳದದ್ದು ಹಾಂಗ ಐತಿ. ಸಂಜೀಕ ಹೋಗಿ ವಡಾಪಾವ್ ತಿಂತಾನ."

"ಹೌದಾ? ಈ ಮಳೆಯಲ್ಲಿ ಹಾಳಾಗ್ತದಲ್ಲ ಮಾರಾಯ್ತಿ." ಅದು ಮಾಮನ ದನಿ.

"ಹಾಳಾದ್ರ ಇವಗೇನು? ಬಂದು ನಾಕು ದಿನದಾಗ ಎರಡು ಸಲ ಲೇಟ್. ಮಂದಿ ರಕ್ತ ತಗ್ಯಾಕ ಬಂದಾನ, ತನ್ನ ರಕ್ತಾನ ಹರೀವಲ್ದು."

"ಆದ್ರೂ ನಿದ್ರೆ ಒಳ್ಳೆಯದು ಅಂತ ಡಾಕ್ಟರು ಹೇಳ್ತಾರೆ."

"ಡಾಕ್ಟರ್ ಎದ್ದು ಕುಂತು ಹೇಳ್ತಾರ. ಇಂವ ಮಲ್ಕೊಂಡು ಕೇಳ್ತಾನ."

"ಎದ್ದೀನ್ರಿ ಅಕ್ಕಾ," ಎಂದೆ ನಾನು ಎದ್ದು ಕೂತು.

"ನಿನ್ನ ಯಾರು ಕರದ್ರಪಾ? ನಾವು ನಮ್ಮ ಸುದ್ದಿ ಮಾತಾಡಾಕತ್ತೀವಿ," ಎಂದರು ಅಕ್ಕ. ಆದರೆ ಚಿಲಕ ತೆಗೆದ ಸದ್ದಾಗುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ಐದೂ ಹದಿಮೂರು. ಗೇಟು ದಾಟಿದ್ದು ಏಳೂ ಏಳಕ್ಕೆ.

ಅಂದಿನಿಂದ ನಾನು ಅಕ್ಕನ ಕೆಲಸವನ್ನು ಗಮನಿಸಿ ಬರೆಯತೊಡಗಿದೆ. ಅವರು ಯಾರ ಬಾಗಿಲನ್ನೂ ಸುಮ್ಮನೆ ಬಡಿಯುತ್ತಿರಲಿಲ್ಲ. ಶುರುವಿನ ವರ್ಷಗಳಲ್ಲಿ ಬಡಿಯುತ್ತಿದ್ದರಂತೆ. ಒಮ್ಮೆ ಒಬ್ಬರು ಗಾಬರಿಯಿಂದ ಹಾರಿ ಎದ್ದು ಗೋಡೆಯ ಗೂಟಕ್ಕೆ ಹಣೆ ಒಡೆದುಕೊಂಡರಂತೆ. ಆಮೇಲೆ ಬಂದವರನ್ನೆಲ್ಲ ಆ ಒಂದು ಪ್ರಶ್ನೆ ಕೇಳುವುದು ರೂಢಿಯಾಯಿತು. ನಾಲ್ಕನೇ ಖೋಲಿಗೆ ತಿಂಗಳಿಗೊಮ್ಮೆ ಬಂದು ವಾರವಿಡೀ ಇರುವ ಬೆಳಗಾವಿಯ ವ್ಯಾಪಾರಿಯೊಬ್ಬರಿದ್ದರು, ಕುರ್ಲಾದ ಕಾರ್ಖಾನೆಗಳಿಂದ ಪಂಪ್‌ಸೆಟ್ಟಿನ ಬಿಡಿಭಾಗ ಒಯ್ಯುವವರು. ಅವರ ಮನೆಯಲ್ಲಿ ಹೆಂಡತಿ ಅಂಗಳ ಗುಡಿಸುವ ಸದ್ದಿಗೆ ಬೆಳಗಾಗುತ್ತದೆ. ಅಕ್ಕ ಅವರ ಬಾಗಿಲ ಮುಂದೆ, ಕಸವಿರಲಿ ಇಲ್ಲದಿರಲಿ, ಕಡ್ಡಿ ಕಸಬರಿಗೆಯಿಂದ ಹತ್ತು ಸಲ ಗುಡಿಸುತ್ತಿದ್ದರು. ಎಮ್ಮೆ ಸಾಕಿದ ಮನೆಯಿಂದ ಬಂದ ನಿಂಬೆಹಣ್ಣಿನ ವ್ಯಾಪಾರಿಗೆ ಬಕೀಟಿನ ಹಿಡಿಕೆ ಕಿಣಿಗುಟ್ಟಿಸಿದರೆ ಸಾಕು. ಒಬ್ಬ ಮುದುಕರಿಗೆ ಮೆಲ್ಲಗೆ "ಹಾಲು ಬಂತ್ರಿ" ಎನ್ನಬೇಕು. ಬಾಗಿಲು ಬಡಿಸಿಕೊಂಡು ಏಳುತ್ತಿದ್ದವರು ಒಬ್ಬರೇ, ಮಿಲಿಟರಿಯಲ್ಲಿ ಇದ್ದವರು. ಅವರಿಗೆ ಅದೇ ಬೇಕಿತ್ತು.

ಇಷ್ಟೆಲ್ಲ ಅವರು ಎಲ್ಲೂ ಬರೆದಿಟ್ಟಿರಲಿಲ್ಲ. ಸಂಜೆ ನೆಲ ಒರೆಸುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವಾಗ, ಒಂದೊಂದು ಬಾಗಿಲ ಮುಂದೆ ಬಂದಾಗ ಅದರ ಸಮಯ ಗುನುಗುತ್ತಿದ್ದರು. "ಎರಡರಾಗ ಐದೂವರಿ, ಹಾಲು. ನಾಕರಾಗ ಆರು, ಕಸಬರಗಿ. ಏಳರಾಗ ಇಲ್ಲ, ಮಲಗಲಿ." ಚಪಾತಿ ಲಟ್ಟಿಸುವಾಗ ಅದೇ ಸಾಲು ಮತ್ತೊಮ್ಮೆ. ನಾನು ಒಂದು ಸಂಜೆ ಉತ್ಸಾಹದಿಂದ ಅಡ್ಡಗೆರೆ ಉದ್ದಗೆರೆ ಹಾಕಿ ಒಂದು ಪಟ್ಟಿ ಮಾಡಿ ಕೊಟ್ಟೆ. ಅಕ್ಕ ಅದನ್ನು ತಿರುಗಿಸಿ ನೋಡಿ ಮಡಚಿ ನನ್ನ ಕೈಗೇ ಇಟ್ಟರು. "ಚೊಲೋ ಐತಿ ತಮ್ಮಾ. ಆದ್ರ ಇದನ್ನ ಎಲ್ಲಿಟ್ಟೆ ಅಂತ ನೆನಪಿಡೋದು ಇನ್ನೊಂದು ಕೆಲಸ ಆತಲ್ಲೋ."

ಅವರನ್ನು ಎಬ್ಬಿಸುವುದು ಯಾರೆಂದೂ ಕೇಳಿದ್ದೆ. "ನಳ," ಎಂದರು. ನಾಲ್ಕೂವರೆಗೆ ಬರುವ ನೀರನ್ನು ಮೇಲಿನ ಟಾಕಿಗೆ ಏರಿಸದಿದ್ದರೆ ಹನ್ನೆರಡು ಖೋಲಿಗೂ ಬಚ್ಚಲಿಲ್ಲ. ಚಾದರಗಳ ಗುಟ್ಟೂ ಹಾಗೆಯೇ ತಿಳಿಯಿತು. ಬಿಲ್ಡಿಂಗಿನ ನೆತ್ತಿಯ ಗಚ್ಚಿಯಲ್ಲಿ ತಗಡಿನ ಮಾಡಿನ ಕೆಳಗೆ ಹಗ್ಗ ಕಟ್ಟಿ, ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ದಿನಕ್ಕೆ ಮೂರು ಸಲ ಚಾದರ ತಿರುವಿ ಹಾಕುತ್ತಿದ್ದರು. ನಾನು ಅಲ್ಲಿದ್ದಷ್ಟು ದಿನ ಒಮ್ಮೆಯೂ ಹಸಿ ಚಾದರ ನನ್ನ ಮೈಗೆ ತಾಗಲಿಲ್ಲ.

ಎರಡನೇ ವಾರದಲ್ಲಿ ತೊಂದರೆ ಶುರುವಾಯಿತು. ಮಂಗಳವಾರ ಎದ್ದದ್ದು ಐದೂ ಹನ್ನೆರಡಕ್ಕೆ, ಬುಧವಾರ ಐದೂ ಹತ್ತೊಂಬತ್ತಕ್ಕೆ, ಗುರುವಾರ ಐದೂ ಇಪ್ಪತ್ತಾರಕ್ಕೆ. ದಿನಕ್ಕೆ ಏಳು ನಿಮಿಷ ಜಾರುತ್ತಿತ್ತು. ಶನಿವಾರದ ಹೊತ್ತಿಗೆ ಮೂರನೇ ಲೇಟ್ ಮಾರ್ಕ್ ಖಚಿತ. ಲೆಕ್ಕ ತೋರಿಸಿದಾಗ ಅಕ್ಕ ಕಾಗದದ ಕಡೆ ನೋಡಲೂ ಇಲ್ಲ.

"ಸುದ್ದಿ ಹಳಸೇತಿ. ಅದ ಡಬ್ಬಿ, ಅದ ವಡಾಪಾವ್. ನಿನಗ ಬ್ಯಾಸರ ಬಂದೈತಿ. ನಿಮ್ಮವ್ವನ ನಂಬರ್ ಕೊಡು."

ಅಂದಿನಿಂದ ಪ್ರತಿ ಸಂಜೆ ಏಳಕ್ಕೆ ಅಕ್ಕ ಮತ್ತು ಅವ್ವ ಫೋನಿನಲ್ಲಿ ಮಾತಾಡತೊಡಗಿದರು. ಮೊದಲ ದಿನ ಏಳು ನಿಮಿಷ, ಎರಡನೇ ದಿನ ಇಪ್ಪತ್ತೆರಡು. ನಾನು ಹತ್ತಿರ ಹೋದರೆ ಅಕ್ಕ ಕೈಬೀಸಿ ಓಡಿಸುತ್ತಿದ್ದರು. ಬೆಳಗ್ಗೆ ಹೊಸ ಮಾಲು ಬರುತ್ತಿತ್ತು. ಸೋದರತ್ತೆಯ ಮಗಳ ಮದುವೆಯಲ್ಲಿ ಯಾರು ಎಷ್ಟು ಬುಂದೆಲಾಡು ತಿಂದರು ಎಂದು ನಾನು ಬರೆದುಕೊಂಡು ಬೀಗರ ಎದುರೇ ಓದಿದ್ದು ಓಣಿಗೆಲ್ಲ ಕೇಳಿಸಿತು.

"ಬೀಗರು ಏನು ಹೇಳಿದ್ರಂತೆ?" ಮಾಮ ನಿಜವಾದ ಕುತೂಹಲದಿಂದ ಕೇಳಿದರು.

"ಹದಿನಾಲ್ಕು ತಿಂದಾಂವ ಅವರ ಕಾಕಾನಂತ. ಊಟಾ ಬಿಟ್ಟು ಎದ್ದು ಹ್ವಾದ್ರಂತ."

ನಾನು ಐದೂ ಹನ್ನೊಂದಕ್ಕೆ ಚಿಲಕ ತೆಗೆದು ಹೊರಗೆ ಬಂದಿದ್ದೆ. ಅವತ್ತು ಬಚ್ಚಲಿಗೆ ಹೋಗುವಾಗ ಮೂರು ಬಾಗಿಲು ಸ್ವಲ್ಪ ಸ್ವಲ್ಪ ತೆರೆದಿದ್ದವು.

ಮೂರನೇ ವಾರದ ಬುಧವಾರ ಮಧ್ಯಾಹ್ನ ಗಾಳಿ ತಿರುಗಿ ಮಳೆ ತಗಡಿನ ಕೆಳಗೇ ನುಗ್ಗಿತು. ಇಪ್ಪತ್ತನಾಲ್ಕು ಚಾದರ ಹಗ್ಗದ ಮೇಲಿದ್ದವು. ಅಕ್ಕ ಒಬ್ಬರೇ ನೆನೆದುಕೊಂಡು ಅವನ್ನೆಲ್ಲ ಒಳಗೆ ತಂದರು. ನಾನು ಸಂಜೆ ಬಂದಾಗ ಅವರ ಕೊರಳಿಗೆ ಟವೆಲ್ ಸುತ್ತಿತ್ತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಜ್ವರವಿರಲಿಲ್ಲ. ಆದರೂ ಮಾಮ ಡಾಕ್ಟರ ಬಳಿ ಕಳಿಸಿ, ಮಾತಾಡಕೂಡದು ಎಂದು ಅಪ್ಪಣೆ ತರಿಸಿದ್ದರು.

ಉಳಿದ ಖೋಲಿಗಳಿಗೆ ತೊಂದರೆಯಿರಲಿಲ್ಲ. ಕಸಬರಿಗೆ, ಬಕೀಟಿಗೆ ದನಿ ಬೇಡ. ಹಾಲಿನ ಮುದುಕರು ಹಿಂದಿನ ದಿನವೇ ಊರಿಗೆ ಹೋಗಿದ್ದರು. ಉಳಿದವನು ನಾನೊಬ್ಬ. ಇನ್ನು ಮೂರು ಬೆಳಗು, ಲೇಟ್ ಮಾರ್ಕ್ ಎರಡು. ಆಂಟಾಪ್ ಹಿಲ್ಲಿನ ಗೆಳೆಯನಿಗೆ ಫೋನು ಮಾಡಿದೆ. ಎಷ್ಟು ಸಲ ಬೇಕಾದರೂ ಕರೆ ಮಾಡುತ್ತೇನೆ ಎಂದ. ಮಾಮ ನನ್ನ ಭುಜ ತಟ್ಟಿದರು. "ನೀವು ಹೆದರ್ಬೇಡಿ. ನಾನುಂಟಲ್ಲ. ಹದಿನೈದು ದಿನದಿಂದ ಕೇಳ್ತಾ ಇದ್ದೇನೆ, ಅಷ್ಟೂ ಗೊತ್ತಾಗುದಿಲ್ವಾ?" ಅಕ್ಕ ಅವರತ್ತ ನೋಡಿದ ನೋಟದಲ್ಲಿ ನಂಬಿಕೆ ಕಾಣಲಿಲ್ಲ.

ಗುರುವಾರ ಬೆಳಗ್ಗೆ ನಡೆದದ್ದರ ಮೊದಲ ಭಾಗಕ್ಕೆ ನಾನು ಸಾಕ್ಷಿಯಲ್ಲ. ಬೆಳಗಾವಿಯವರು ಆಮೇಲೆ ಹೇಳಿದ್ದನ್ನು ಬರೆದಿದ್ದೇನೆ. ಐದೂ ಹತ್ತಕ್ಕೆ ಮಾಮ ಬಾಗಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಹನ್ನೊಂದನೇ ರೂಮಿನವರೇ, ಐದು ಹತ್ತಾಯ್ತು. ಏಳ್ತೀರಾ?"

ಅಕ್ಕ ಕೈಯಾಡಿಸಿದರು, ಹಾಗಲ್ಲ, ಬೈಯಿರಿ ಎಂದು.

"ಬೈಯುದು ಹೇಗೆ ಮಾರಾಯ್ತಿ? ಒಳ್ಳೆ ಹುಡುಗ. ಚಪ್ಪಲಿ ಸಹ ಸಾಲಾಗಿ ಇಡ್ತಾನೆ." ಮತ್ತೆ ಬಾಗಿಲಿಗೆ ಮುಖ ಮಾಡಿ, "ನೋಡಿ, ನಿಮ್ಮ ಬಗ್ಗೆ ನಮಗೆ ಸ್ವಲ್ಪ ಬೇಸರ ಉಂಟು," ಎಂದರು. ಅದೇ ಅವರು ಆಡಬಲ್ಲ ಅತಿ ಗಟ್ಟಿ ಮಾತು. ಒಳಗೆ ನಾನು ಮಲಗೇ ಇದ್ದೆ. ತಲೆದಿಂಬಿನ ಕೆಳಗೆ ಗೆಳೆಯನ ಕರೆಗಳು ಬಂದು ಬಂದು ನಿಲ್ಲುತ್ತಿದ್ದವು. ಆಮೇಲೆ ಎಣಿಸಿದೆ, ಹದಿನಾಲ್ಕು.

ಐದೂ ಇಪ್ಪತ್ತೈದಾಯಿತು. ಅಕ್ಕ ಟವೆಲ್ ಬಿಗಿದುಕೊಂಡು ನಾಲ್ಕನೇ ಖೋಲಿಗೆ ಹೋಗಿ, ಆರಕ್ಕೆ ಏಳಬೇಕಿದ್ದ ಬೆಳಗಾವಿಯವರ ಮುಂದೆ ಕಸಬರಿಗೆ ಆಡಿಸಿದರು. ಅವರು ಕಣ್ಣುಜ್ಜುತ್ತ ಹೊರಗೆ ಬಂದರೆ, ತೋಳು ಹಿಡಿದು ನನ್ನ ಬಾಗಿಲ ಮುಂದೆ ತಂದು ನಿಲ್ಲಿಸಿ ಒಳಗೆ ಬೆರಳು ತೋರಿಸಿದರು. ಪ್ರತಿ ಬೆಳಗ್ಗೆ ಓಣಿಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ನನ್ನ ವಿಷಯ ಸರಿಯಾಗಿ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳತೊಡಗಿದರು.

"ಈ ಹುಬ್ಬಳ್ಳಿ ಹುಡುಗಾ ಇನ್ನೂ ಎದ್ದಿಲ್ಲೇನ್ರಿ ಮಾಮಾರ?"

"ಇಲ್ಲ ಮಾರಾಯ್ರೆ."

ನಿದ್ದೆಯಲ್ಲಿ ನನಗೆ ಏನೋ ಚುಚ್ಚಿದಂತಾಯಿತು. ಹುಬ್ಬಳ್ಳಿಯಲ್ಲ.

"ಎಕ್ಸ್-ರೇ ತಗಿಯೋ ಕೆಲಸ ಅಂತ ಇವಂದು. ಅಂಧೇರಿಯೊಳಗ."

ಎಕ್ಸ್-ರೇ ಅಲ್ಲ. ಅಂಧೇರಿಯೂ ಅಲ್ಲ. ನಾನು ಮಗ್ಗುಲಾದೆ.

"ಹೌದು, ಪಾಪ," ಎಂದರು ಮಾಮ, ತಿದ್ದುವ ಗೋಜಿಗೆ ಹೋಗದೆ.

"ಈಗಾಗಲೇ ನಾಕು ಲೇಟ್ ಮಾರ್ಕ್ ಬಿದ್ದಾವಂತ. ನಾಕೋ, ಐದೋ."

"ಎರಡು," ಎಂದೆ ನಾನು. ನನ್ನ ದನಿ ನನಗೇ ಕೇಳಿಸಿತು. ಎದ್ದು ನಿಂತಿದ್ದೆ, ಚಿಲಕದ ಮೇಲೆ ಕೈಯಿತ್ತು. "ಎರಡ ಎರಡ್ರಿ. ಮಂಗಳವಾರ ಒಂದು, ಗುರುವಾರ ಒಂದು. ಮತ್ತ ನಂದು ಧಾರವಾಡ್ರಿ."

ಬಾಗಿಲು ತೆರೆದಾಗ ಮೂವರೂ ನಿಂತಿದ್ದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿದ್ದವು. ಆಮೇಲೆ ಗೋಡೆಯ ಗಡಿಯಾರ ತೋರಿಸಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಐದೂ ಮೂವತ್ತನಾಲ್ಕು.

ಸ್ನಾನ ಬಿಟ್ಟೆ. ಐದೂ ಐವತ್ತರ ಗಾಡಿ ಕಣ್ಣೆದುರೇ ಹೋಯಿತು, ಮುಂದಿನದು ಐದೂ ಐವತ್ತೆಂಟಕ್ಕೆ ಸಿಕ್ಕಿತು. ಮಳೆಗೆ ಲೋಕಲ್ ಮಾಟುಂಗಾ ಮುಟ್ಟುವ ಮೊದಲು ನಾಲ್ಕು ನಿಮಿಷ ನಿಂತಿತು. ದಾದರಿನ ಸೇತುವೆಯನ್ನು ಓಡಿ ದಾಟಿದೆ. ಬೊರಿವಲಿಯ ಕಡೆ ಹೋಗುವ ಗಾಡಿ ಆ ಹೊತ್ತಿಗೆ ಖಾಲಿಯಿರುತ್ತದೆ, ಕೂರಲು ಜಾಗವಿತ್ತು, ಕೂತರೆ ನಿದ್ದೆ ಬಂದೀತೆಂದು ಬಾಗಿಲ ಬಳಿ ನಿಂತೇ ಹೋದೆ. ಇಳಿದ ಮೇಲಿನ ಹನ್ನೆರಡು ನಿಮಿಷದ ದಾರಿಯನ್ನು ಏಳು ನಿಮಿಷದಲ್ಲಿ ಓಡಿದೆ. ಗೇಟಿನ ಕಾವಲುಗಾರ ಹಾಜರಿ ಪುಸ್ತಕದಲ್ಲಿ ತಡವಾದವರನ್ನು ಬೇರೆ ಮಾಡುವ ಕೆಂಪು ಗೆರೆ ಎಳೆಯಲು ಸ್ಕೇಲು ಇಟ್ಟಿದ್ದರು. ಏಳೂ ಹದಿನಾಲ್ಕು. ಅವರು ನನ್ನ ಒದ್ದೆ ತಲೆ ನೋಡಿ ಸ್ಕೇಲನ್ನು ಒಂದು ಸಾಲು ಕೆಳಗೆ ಸರಿಸಿದರು. ಆ ದಿನ ನನ್ನ ಮೇಜಿಗೆ ಮೊದಲು ಬಂದವರು ಎಪ್ಪತ್ತೆಂಟರ ಒಬ್ಬ ಅಜ್ಜಿ. ಸೂಜಿ ಒಂದೇ ಸಲಕ್ಕೆ ಸರಿಯಾಗಿ ಹೋಯಿತು. ಏಳೂವರೆಗೆ ಅವರು ಹೊರಗಿನ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದು ಪೋಹೆ ತಿನ್ನುತ್ತಿದ್ದರು.

ಬೆಳಗಾವಿಯವರು ಆ ಸಂಜೆ ಊರಿಗೆ ಹೊರಟರು. ಶುಕ್ರವಾರದ ಹೊಣೆ ಮತ್ತೆ ಮಾಮನ ಮೇಲೆ ಬಿತ್ತು. ಬೈಯಲು ಬಾರದ ಆ ಸಜ್ಜನರಿಗೆ ತಪ್ಪು ಹೇಳಲು ಚೆನ್ನಾಗಿ ಬರುತ್ತಿತ್ತು. "ಇವರ ತಂದೆ ಮೀನುಗಾರರಲ್ವಾ? ಧಾರವಾಡದ ಬಂದರಿನಲ್ಲಿ?" ಎಂದರಂತೆ ಅತ್ಯಂತ ವಿನಯದಿಂದ. ನಾನು ಐದೂ ಹತ್ತಕ್ಕೇ ಎದ್ದು ಧಾರವಾಡದಿಂದ ಸಮುದ್ರ ಎಷ್ಟು ದೂರ ಎಂದು ವಿವರಿಸುತ್ತಿದ್ದೆ. ಶನಿವಾರ ಅಕ್ಕನಿಗೆ ಅರ್ಧ ದನಿ ಮರಳಿತ್ತು. ಅದು ಸಾಕಾಯಿತು.

ಹದಿನೆಂಟನೇ ದಿನ, ಶನಿವಾರ ನಾಲ್ಕು ಗಂಟೆಗೆ ಮೇಡಂ ಕಾಗದ ಕೊಟ್ಟರು. ಲೇಟ್ ಮಾರ್ಕ್ ಎರಡು, ಕೆಲಸ ಖಾಯಂ. ಗೆಳೆಯನಿಗೂ ಆಯಿತು. ಲಾಡ್ಜಿಗೆ ಬಂದಾಗ ಅಕ್ಕ ಕೌಂಟರಿನ ಹಿಂದೆ ದಿಂಬಿನ ಚೀಲಗಳನ್ನು ಮಡಚುತ್ತಿದ್ದರು. ಕಾಗದ ಕೊಟ್ಟೆ. ಮಾಮ ಅದನ್ನು ಜೋರಾಗಿ ಓದಿ ಕನ್ನಡದಲ್ಲಿ ಹೇಳಿದರು. ಅಕ್ಕ ಸಂತೋಷಪಟ್ಟದ್ದು ಒಂದು ನಿಮಿಷ.

"ಮತ್ತ ಸೋಮವಾರ ಬೊರಿವಲಿಯೊಳಗ ನಿನ್ನ ಯಾರು ಎಬ್ಬಸ್ತಾರ?"

ಅದನ್ನು ನಾನು ಯೋಚಿಸಿರಲಿಲ್ಲ. ಖಾಯಂ ಆದವರಿಗೆ ತಿಂಗಳಿಗೆ ಮೂರು ಲೇಟ್ ಮಾರ್ಕ್ ಆದರೆ ಮೇಡಂ ಮುಂದೆ ನಿಲ್ಲಬೇಕು, ಮೇಲಿಂದ ಮೇಲೆ ಆದರೆ ಅದೇ ಊರಿನ ದಾರಿ. ಗೆಳೆಯ ಇರುತ್ತಾನೆ ಎಂದೆ.

"ಅವಗ ಏನ ಗೊತ್ತೈತಿ? ಹದಿನಾಲ್ಕು ಸಲ ಫೋನ್ ಹಚ್ಚಿದಾಂವ ಅಂವನ ಹೌದಿಲ್ಲೋ? ನಾಳೆ ಅವಗ ಫೋನ್ ಹಚ್ಚಿ ನನ್ನ ಕೈಯಾಗ ಕೊಡು."

ಭಾನುವಾರ ಹನ್ನೊಂದಕ್ಕೆ ಹೊರಟೆ. ಅಕ್ಕ ನನ್ನ ಫೋನು ಹಿಡಿದು ಓಣಿಯ ಬಾಯಲ್ಲಿ ನಿಂತಿದ್ದರು. ದನಿ ಇನ್ನೂ ಒಡಕಾಗಿತ್ತು. ನಾನು ಸಾಮಾನು ಕೆಳಗಿಳಿಸುತ್ತಿದ್ದೆ.

"ಕರೀಬ್ಯಾಡ. ಅಳ್ಳಾಡಿಸಬ್ಯಾಡ. ಬಾಗಲಾ ಹೊರಗ ನಿಂತು ಇವನ ಸುದ್ದಿ ಮಾತಾಡು. ಆದ್ರ ಲೆಕ್ಕಾ ತಪ್ಪು ಹೇಳಬೇಕು. ತಿಳೀತಿಲ್ಲೋ?"

ಫೋನಿನ ದನಿ ಜೋರಾಗಿಟ್ಟಿದ್ದರಿಂದ ಗೆಳೆಯನ ಉತ್ತರ ಮೆಟ್ಟಿಲಿಗೂ ಕೇಳಿಸುತ್ತಿತ್ತು. "ಆಂಟಿ, ಜಾನ್‌ಬೂಝ್‌ಕೇ? ಬೇಕಂತ ಗಲತ್ ಹೇಳ್ಬೇಕಾ? ಸುಳ್ಳು?"

"ಸುಳ್ಳಲ್ಲೋ ಯಪ್ಪಾ. ಸುಳ್ಳಂದ್ರ ಇಂವ ಮಲ್ಕೊಂಡ ಇರ್ತಾನ. ಜರಾ ತಪ್ಪು. ಎರಡಿದ್ರ ಮೂರು ಅನ್ನು, ಮಂಗಳವಾರ ಇದ್ರ ಬುಧವಾರ ಅನ್ನು. ಈಗ ಹೇಳು ನೋಡೋಣು, ಇಂವ ನಮ್ಮಲ್ಲೆ ಎಷ್ಟು ದಿನ ಇದ್ದ?"

"ಉಂ... ದೋ ಹಫ್ತೆ? ಹದಿನೈದು ದಿನ, ಆಂಟಿ?"

ನಾನು ಅಷ್ಟರಲ್ಲಿ ಒಂದು ಮಾಳಿಗೆ ಇಳಿದು ತಿರುವಿನಲ್ಲಿ ಬ್ಯಾಗು ಹೆಗಲಿಗೇರಿಸುತ್ತಿದ್ದೆ. "ಇಪ್ಪತ್ತೊಂದು ರಾತ್ರಿ," ಎಂದೆ, ನನ್ನನ್ನು ಯಾರೂ ಕೇಳದಿದ್ದರೂ.

ಮೇಲಿಂದ ಅಕ್ಕನ ಒಡಕು ದನಿ ಕೇಳಿಸಿತು. "ಕೇಳಿಸ್ತೇನಪಾ? ಒಂದು ಮಾಳಿಗಿ ಕೆಳಗ ಇದ್ದಾನ. ನಿನಗ ಬರೇ ಒಂದು ಬಾಗಲಾ ಅಡ್ಡ ಇರ್ತೈತಿ."